ಇರ್ತೀನಿ ಚೀಟಿಗೆ ಬಿದ್ದ ಕೆಂಪು ಮುದ್ರೆ

ಗಣಿಯೂರು, ಸಂಡೂರು ಸೀಮೆ
ಇಸವಿ ೨೩೧೮, ಹದಿಮೂರನೆಯ ತಿಂಗಳ ಮೂರನೆಯ ದಿನ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದರೆ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮವರು ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ನೀವು ಅದಿರು ತೆಗೆದು ಬಿಟ್ಟುಹೋದ ಹೊಂಡದಲ್ಲೇ ನಮ್ಮ ಊರು. ಮೆಟ್ಟಿಲು ಮೆಟ್ಟಿಲಾಗಿ ಮನೆಗಳು, ಮೇಲೆ ಊರಿಗೆಲ್ಲ ಹೊದಿಸಿದ ನೆರಳುಬಟ್ಟೆ. ಅದನ್ನು ಹೊಲಿಯುವವರಲ್ಲಿ ನನ್ನ ಗಂಡ ಗಾದಿಲಿಂಗನೂ ಒಬ್ಬ. ಮಧ್ಯಾಹ್ನ ಊರೆಲ್ಲ ಮಲಗುತ್ತದೆ, ಸಂಜೆ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತದೆ. ಜೋಳದ ರೊಟ್ಟಿಯನ್ನು ಮಾತ್ರ ನಾವು ಬದಲಿಸಿಲ್ಲ.

ಮದುವೆಯನ್ನು ಬದಲಿಸಿದ್ದೇವೆ. ಹತ್ತು ವರ್ಷಕ್ಕೊಮ್ಮೆ ಗಂಡನೂ ಹೆಂಡತಿಯೂ ಬೇರೆ ಬೇರೆಯಾಗಿ 'ಇರ್ತೀನಿ ಚೀಟಿ' ಬರೆದುಕೊಡಬೇಕು. ಈ ಮನುಷ್ಯನ ಜೊತೆ ಯಾಕೆ ಇರುತ್ತೇನೆ ಅಂತ ಒಂದೇ ಸಾಲು. ಐದು ಕಾರಣ ನಡೆಯುವುದಿಲ್ಲ: ಮಕ್ಕಳಿಗಾಗಿ, ನಾಲ್ಕು ಜನ ಏನಂದಾರು, ಒಂಟಿಯಾಗುವ ಭಯ, ಬೇರೆ ಯಾರು ಸಿಗುತ್ತಾರೆ, ಇಷ್ಟು ವರ್ಷ ಕಳೆದಾಯಿತಲ್ಲ. ಅಂಥದ್ದನ್ನು ಬರೆದರೆ ಕೆಂಪು ಮುದ್ರೆ. ಹೊತ್ತು ಮುಳುಗುವುದರೊಳಗೆ ಬೇರೆ ಕಾರಣ ಬರೆದುಕೊಡದಿದ್ದರೆ ಮದುವೆ ಮುಗಿಯಿತು. ಬಿಟ್ಟು ಬಂದವರಿಗೆ ಊರೇ ಮನೆ ಕೊಡುತ್ತದೆ, ಮಕ್ಕಳನ್ನು ಊರೇ ನೋಡಿಕೊಳ್ಳುತ್ತದೆ, ಆಡಿಕೊಳ್ಳುವವರು ಯಾರೂ ಇಲ್ಲ. ಆದರೂ ಹತ್ತರಲ್ಲಿ ಏಳು ಜೋಡಿ ಉಳಿಯುತ್ತವೆ! ಕಟ್ಟಿಹಾಕದಿದ್ದರೂ ನಿಲ್ಲುವ ಜನ ನಮ್ಮವರು ಎಂದು ನನಗೆ ಎದೆ ತುಂಬ ಹೆಮ್ಮೆ.

ಆ ಚೀಟಿಗಳನ್ನು ಮೂವತ್ತೊಂದು ವರ್ಷದಿಂದ ಪರೀಕ್ಷಿಸುತ್ತಿರುವವಳು ನಾನು. 'ಅವಳು ಸಾರು ಚೆನ್ನಾಗಿ ಮಾಡ್ತಾಳೆ' ಎಂದು ಬರೆದವನಿಗೆ ಊರ ಅಡುಗೆಮನೆಯ ದಾರಿ ತೋರಿಸಿದ್ದೇನೆ. 'ಅವನ ಗೊರಕೆ ಇಲ್ಲದಿದ್ರೆ ಮನೆ ಮನೆ ಅನ್ನಿಸಲ್ಲ' ಎಂದವಳಿಗೆ ಆ ಕ್ಷಣವೇ ಹಸಿರು ಮುದ್ರೆ ಒತ್ತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಸುಳ್ಳು ಕಾರಣ ದಾಟಿದ್ದಿಲ್ಲ.

ನಿನ್ನೆ ನನ್ನದೇ ಸರದಿ, ನಾಲ್ಕನೆಯ ಸಲ. ಗಾದಿಲಿಂಗನ ಚೀಟಿಗೆ ಬೆಳಿಗ್ಗೆಯೇ ಹಸಿರು ಬಿದ್ದಿತ್ತು. ಕೆಲಸದ ಗಡಿಬಿಡಿಯಲ್ಲಿ 'ನಲವತ್ತು ವರ್ಷ ಜೊತೆಗಿದ್ದೇವೆ' ಎಂದು ಗೀಚಿ ಕೊಟ್ಟೆ. ನನ್ನ ಚೀಟಿಯನ್ನು ನಾನೇ ನೋಡುವ ಹಾಗಿಲ್ಲ. ನೋಡಿದವನು ನನ್ನ ಕೈಕೆಳಗೆ ಕೆಲಸ ಕಲಿತ ಎರ್ರಿಸ್ವಾಮಿ. ಕೆಂಪು ಒತ್ತಿದ. "ಅಕ್ಕಾರೆ, ಇದು ಐದನೇದು. ನೀವೇ ಕಲಿಸಿದ್ದು," ಅಂದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು.

ಹೊತ್ತು ಇಳಿಯುತ್ತಿತ್ತು. ಮನೆಯ ದಾರಿಯುದ್ದಕ್ಕೂ ಕಾರಣ ಹುಡುಕಿದೆ. ಒಳ್ಳೆಯವನು ಎನ್ನೋಣವೆಂದರೆ ಒಳ್ಳೆಯವರು ಊರ ತುಂಬ ಇದ್ದಾರೆ. ಅಭ್ಯಾಸ ಎನ್ನೋಣವೆಂದರೆ ಕಾಲಿನ ಚಪ್ಪಲಿಯೂ ಅಭ್ಯಾಸವೇ. ಕಾರಣವೇ ಇಲ್ಲದಿದ್ದರೆ ಏನು ಗತಿ ಎಂದು ನಿಜಕ್ಕೂ ಹೆದರಿದೆ. ಮನೆ ಹೊಕ್ಕವಳೇ, ಸೂಜಿಗೆ ದಾರ ಪೋಣಿಸುತ್ತಿದ್ದ ಗಾದಿಲಿಂಗನ ಮುಂದೆ ಕೂತು ಎಲ್ಲವನ್ನೂ ಒದರಿಬಿಟ್ಟೆ. "ನಿಂಗೇ ಕೆಂಪು ಬಿತ್ತೇನೇ!" ಎಂದು ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗೂ ನಗು ಬಂತು.

ಆಗ ಹೊಳೆಯಿತು. ಈ ಊರಿನಲ್ಲಿ ಇನ್ನೊಬ್ಬರ ಮುಂದೆ 'ನಾನು ತಪ್ಪಿದೆ' ಅಂದವಳೇ ಅಲ್ಲ. ಒಡಹುಟ್ಟಿದ ತಂಗಿಗೂ ಹೇಳುತ್ತಿರಲಿಲ್ಲ. ಇವನ ಹತ್ತಿರ ಮಾತ್ರ ಚಪ್ಪಲಿ ಕೂಡ ಬಿಡದೆ ಓಡಿಬಂದಿದ್ದೆ. ಹೊಸ ಚೀಟಿಯಲ್ಲಿ ಬರೆದೆ: 'ಸೋತಾಗ ನಾನು ಇವನ ಹತ್ತಿರ ಓಡುತ್ತೇನೆ.' ಹೊತ್ತು ಮುಳುಗುವ ಮುನ್ನ ಕಚೇರಿಗೆ ಒಯ್ದೆ. ಎರ್ರಿಸ್ವಾಮಿ ಎರಡು ಸಲ ಓದಿ ಹಸಿರು ಒತ್ತಿದ. ಅವನ ಮುಂದೆಯೇ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಚೀಟಿ ವಾಪಸ್ ಕಳಿಸುವ ಕಚೇರಿ ಇಲ್ಲ. ನೀವೇ ಬರೆದು ನೀವೇ ತಿದ್ದಿಕೊಳ್ಳಬೇಕು. ಆ ಐದರಲ್ಲಿ ಒಂದನ್ನು ಹಿಡಿದು ಬಾಳು ಸವೆಸಬೇಡಿ, ಅಷ್ಟೇ ನನ್ನ ಕೋರಿಕೆ. ಆರನೆಯ ಕಾರಣ ಸಿಗದೆ ಎದ್ದು ಹೋದವರನ್ನೂ ನಾನು ಬಾಗಿಲವರೆಗೆ ಬಂದು ಮರ್ಯಾದೆಯಿಂದ ಕಳಿಸಿಕೊಟ್ಟಿದ್ದೇನೆ. ನನ್ನ ಸೋಲಿನ ಸುದ್ದಿಯನ್ನು ಮುನ್ನೂರು ವರ್ಷ ಹಿಂದಕ್ಕೆ ಕಳಿಸುವ ಧೈರ್ಯ ನನಗೆ ಬಂದದ್ದು ಗಾದಿಲಿಂಗನ ಪಕ್ಕ ಕೂತು. ಈ ಕಾಗದದ ಅಂಚು ಹೊಲಿಯುತ್ತ ಅವನು ಇನ್ನೂ ನಗುತ್ತಿದ್ದಾನೆ.