ತಂಗಿಗೆ ಬಂದದ್ದು, ನನಗೆ ಬಾರದ್ದು

ಮಾರ್ಚ್ ೧೧, ಮಂಗಳವಾರ

ಅಮ್ಮನ ಮಾತು ಕಿವಿಯಿಂದ ಹೋಗುತ್ತಿಲ್ಲ.

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟ್ರು ಹೇಳಿದರು: ಒಂದೇ ಹಾಸಿಗೆಯಲ್ಲಿ ಮಲಗುವ ನನಗೂ ತಂಗಿಗೂ ಕ್ಷಯದ ಕ್ರಿಮಿ ತಗುಲಿದೆಯಂತೆ. ನನ್ನೊಳಗಿನ ರಕ್ಷಣಾ ಕಣಗಳು ಅದನ್ನು ಸುತ್ತುವರಿದು ಶ್ವಾಸಕೋಶದಲ್ಲೇ ಕೂಡಿಹಾಕಿವೆ. ತಂಗಿಯಲ್ಲಿ ಆ ಕಾವಲು ಮುರಿದುಬಿದ್ದು ರೋಗ ಎದ್ದಿದೆ.

"ಯಾಕೆ ಡಾಕ್ಟ್ರೇ?" ಎಂದಳು ಅಮ್ಮ.

"ಹೊಟ್ಟೆಗೇ ಇಲ್ಲದಿದ್ರೆ ದೇಹ ಹೇಗೆ ಹೋರಾಡುತ್ತಮ್ಮಾ?"

ಮದುವೆಗೆ ತೆಳ್ಳಗಾಗಲಿ ಎಂದು ಅವಳ ರಾತ್ರಿಯೂಟ ಬಿಡಿಸಿದ್ದು ಅಮ್ಮನೇ. ಅವಳ ಪಾಲೂ ನನ್ನ ತಟ್ಟೆಗೆ ಬೀಳುತ್ತಿತ್ತು.

ತಂಗಿಯನ್ನು ವಾರ್ಡಿಗೆ ಸೇರಿಸಿ ಹೊರಬಂದಾಗ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೆ ಬಂದಿದ್ರೆ ನಾನು ಹೇಗೋ ತಡ್ಕೋತಿದ್ದೆ. ಅವಳಿಗೇ ಬರಬೇಕಿತ್ತಾ?"

ಅಳು ಬರಲಿಲ್ಲ. ಮನೆಗೆ ಬಂದು ಅಮ್ಮನೆದುರೇ ಕೂತು, ಎರಡೆರಡು ಸಲ ಬಡಿಸಿಕೊಂಡು ಉಂಡೆ. ಅವಳು ಎದ್ದು ಹೋಗುವವರೆಗೂ ಉಣ್ಣುತ್ತಲೇ ಇದ್ದೆ. ಹಸಿವೇನೂ ಇರಲಿಲ್ಲ.