ಬಲೆಮನೆಯ ಕೆಂಪು ಅಳಿಲುಗಳು

ಪೆನ್‌ಕಾಯ್ಡ್, ಆಂಗಲ್ಸೀ ದ್ವೀಪ
14 ಅಕ್ಟೋಬರ್ 2009, ಬುಧವಾರ

ಪ್ರೀತಿಯ ಇದ್ವಲ್,

ಕೆಮ್ಮು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಸೂಪು ನೀರಿನಂತಿದೆ ಎಂದು ಗೊಣಗದೆ ಕುಡಿ. ನಿನ್ನ ಉಣ್ಣೆಯ ಕಾಲುಚೀಲದ ಹಿಮ್ಮಡಿ ಹೊಲಿದು ಇದರ ಜೊತೆ ಕಳಿಸಿದ್ದೇನೆ.

ಭಾನುವಾರ ಭಾನುವಾರ ನೀನು ಫೋನಿನಲ್ಲಿ ಅಳಿಲುಗಳ ಬಗ್ಗೆ ಕೇಳಿದಾಗಲೆಲ್ಲ ಚೆನ್ನಾಗಿವೆ, ನಿನಗಿಂತ ಚೆನ್ನಾಗಿ ತಿನ್ನುತ್ತವೆ ಎಂದೆನಲ್ಲ, ಅದು ಸುಳ್ಳು. ಬಾಯಿಬಿಟ್ಟು ಹೇಳಲಾರದೆ ಬರೆಯುತ್ತಿದ್ದೇನೆ. ಸೆಪ್ಟೆಂಬರಿನ ಬಿರುಗಾಳಿಗೆ ಹಿತ್ತಲ ಪೈನ್ ಮರದ ಕೊಂಬೆಯೊಂದು ಮುರಿದು ಅಳಿಲುಗಳ ಬಲೆಮನೆಯ ಮೇಲೆ ಒರಗಿತು. ತಂತಿ ಹರಿದಿರಲಿಲ್ಲ. ಪಕ್ಕದ ಮನೆಯ ಗ್ವಿಲಿಮ್‌ಗೆ ಹೇಳಿದ್ದರೆ ಅಂದೇ ಕಡಿಯುತ್ತಿದ್ದ. ಕುರಿ ಮಾರುವ ಗಡಿಬಿಡಿಯಲ್ಲಿದ್ದಾನೆ, ತೊಂದರೆ ಕೊಡುವುದೇಕೆ ಎಂದು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ಬೆಳಿಗ್ಗೆ ಅದೇ ಕೊಂಬೆ ಹಿಡಿದು ಬಂದ ಬೂದು ಅಳಿಲೊಂದು ಸೂರಿನ ಬಲೆಯ ಮೇಲೆ ಕೂತು ಮುಖ ಉಜ್ಜುತ್ತಿತ್ತು. ಕೆಳಗಿನಿಂದ ನಮ್ಮ ತಾಯಿ ಅಳಿಲು ಕೆಂಪಿ ಅದಕ್ಕೆ ಮೂಗು ತಾಗಿಸುತ್ತಿದ್ದಳು. ಪೊರಕೆ ಎಸೆದು ಓಡಿಸಿದೆ. ಬೂದು ಅಳಿಲಿಗೆ ಏನೂ ಮಾಡದ ಸಿಡುಬು ಕೆಂಪು ಅಳಿಲನ್ನು ಕೊಲ್ಲುತ್ತದೆ ಎಂದು ಹನ್ನೊಂದು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿದವನು ನೀನು. ನಿನ್ನ ಹೆಂಡತಿಯ ತಲೆಗೇ ಅದು ಹತ್ತಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಕೆಂಪಿ ಹಾಡಹಗಲೇ ನೆಲದ ಮೇಲೆ ಕೂತಿದ್ದಳು. ಹತ್ತಿರ ಹೋದರೂ ಓಡಲಿಲ್ಲ. ರೆಪ್ಪೆ ಊದಿತ್ತು, ತುಟಿಯ ಸುತ್ತ ಹಕ್ಕಳೆ ಕಟ್ಟಿತ್ತು. ಪಶುವೈದ್ಯೆ ಹೆಲೆದ್ ಬಂದಳು. ಟವೆಲ್ಲಿನಲ್ಲಿ ಸುತ್ತಿ ನೋಡಿ, "ಮೆನ್ನಾ, ಇದಕ್ಕೆ ಮದ್ದಿಲ್ಲ ಕಣೇ. ನೋವು ನಿಲ್ಸೋದಷ್ಟೇ ನನ್ನ ಕೈಲಾಗೋದು" ಎಂದಳು. ನಾನೇ ಹಿಡಿದುಕೊಂಡೆ. ಸೂಜಿ ಚುಚ್ಚುವಾಗ ಕೆಂಪಿ ನನ್ನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಅವಳ ನಾಲ್ಕು ಮರಿಗಳಲ್ಲಿ ಮೂರು ಒಂದೇ ವಾರದಲ್ಲಿ ಹೋದವು. ಚಿಕ್ಕದನ್ನು ಅಡುಗೆಮನೆಗೆ ತಂದು, ಒಲೆಯ ಪಕ್ಕ ಪೆಟ್ಟಿಗೆಯಲ್ಲಿಟ್ಟು, ಸಿರಿಂಜಿನಲ್ಲಿ ಮೇಕೆ ಹಾಲು ಕುಡಿಸಿದೆ. ಒಂಬತ್ತು ದಿನ ಕುಡಿಯಿತು. ಉಳಿಯುತ್ತದೆ ಎಂದು ನಂಬಿ ಹೆಸರೂ ಇಟ್ಟುಬಿಟ್ಟೆ. ನಿನ್ನೆ ಅದೂ ಹೋಯಿತು. ಹೆಸರು ಮಾತ್ರ ಕೇಳಬೇಡ.

ಬರುವ ವಸಂತದಲ್ಲಿ ಕಾಡಿಗೆ ಬಿಡಬೇಕೆಂದು ನೀನು ಎಣಿಸಿದ್ದ ಮರಿಗಳು. ಆ ಕಾಡಿನಲ್ಲೂ ಈಗ ಸತ್ತವೇ ಸಿಗುತ್ತಿವೆ ಎಂದು ಗ್ವಿಲಿಮ್ ಹೇಳಿದ. ಕೆಂಪಿ ಮರಿ ಹಾಕುವ ಮೊದಲು ನೀನು ಬಲೆಮನೆಯ ಇನ್ನೊಂದು ಭಾಗಕ್ಕೆ ಬಿಟ್ಟಿದ್ದ ಗಂಡು ಗುತೊ ಒಬ್ಬನೇ ಉಳಿದಿದ್ದಾನೆ. ಸಾಕುವವರ ಸಂಘಕ್ಕೆ ಫೋನ್ ಮಾಡಿದೆ. ಸೋಂಕು ಹೊಕ್ಕ ಮನೆಯ ಗಂಡನ್ನು ಯಾರೂ ಒಯ್ಯುವುದಿಲ್ಲವಂತೆ, ಇಲ್ಲಿಗೆ ಹೆಣ್ಣನ್ನೂ ಕೊಡುವುದಿಲ್ಲವಂತೆ. ಅವರನ್ನು ದೂರಿ ಫಲವಿಲ್ಲ. ಗುತೊ ಬೆಳಿಗ್ಗೆ ನಡುವಿನ ಬಲೆ ಹಿಡಿದು ಖಾಲಿ ಕಡೆಗೆ ನೋಡುತ್ತಾನೆ. ಆಮೇಲೆ ಇಳಿದು ಚಳಿಗಾಲಕ್ಕೆಂದು ಕಾಯಿ ಹೂಳುತ್ತಾನೆ.

ಬೈಯುವುದಿದ್ದರೆ ಮನಸಾರೆ ಬೈದು ಬರೆ. ನಿನ್ನ ವಾರ್ಡಿನ ನರ್ಸಮ್ಮನಿಗೆ ನಾನು ಕೇಳಿದೆನೆಂದು ಹೇಳು. ದೇವರು ನಿನ್ನ ಹತ್ತಿರವಿರಲಿ.

ನಿನ್ನ
ಮೆನ್ನಾ

ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಡಾಕ್ಟರ ಫೋನ್ ಬಂತು. ಚಿಕಿತ್ಸೆ ಸಾಕೆಂದು ನೀನೇ ಹೇಳಿ ಹದಿನೈದು ದಿನವಾಯಿತಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ. ಗ್ವಿಲಿಮ್ ಬಂದ, ಇಬ್ಬರೂ ಸೇರಿ ನಿನ್ನ ಮಂಚವನ್ನು ಮಹಡಿಯಿಂದ ಕೆಳಗಿಳಿಸಿದ್ದೇವೆ. ಶನಿವಾರ ಗ್ವಿಲಿಮ್‌ನ ಕಾರಿನಲ್ಲಿ ನಿನ್ನನ್ನು ಮನೆಗೆ ಕರೆತರಲು ಬರುತ್ತೇನೆ. ದಪ್ಪ ಕೋಟು ಹಾಕಿಕೊಂಡು ಕೂತಿರು.