ಎರಡು ವೀಘಾ ಬೆಂಡೆಯ ಹೊಸ ಒಡೆಯರು

ವ್ಯಾರಾ, ಏಪ್ರಿಲ್ 11, ಶುಕ್ರವಾರ

ನನ್ನ ಎರಡು ವೀಘಾ ಬೆಂಡೆ ಹೊಲದ ಆಡಳಿತವು ಇಂದಿನಿಂದ ಗಸಗಸೆಗಿಂತ ಸಣ್ಣದಾದ ಕೆಂಪು ನುಸಿಗಳ ವಶವಾಗಿದೆಯೆಂದು ಈ ಮೂಲಕ ಘೋಷಿಸುತ್ತೇನೆ. ಎಲೆಯಡಿ ಬಲೆ ಕಟ್ಟಿಕೊಂಡು ದರ್ಬಾರು ನಡೆಸಿವೆ.

ಔಷಧಿ ಅಂಗಡಿಯ ಕಿರೀಟ್‌ಭಾಯ್ ಎಲೆ ನೋಡಿ ನಕ್ಕ. “ಭೀಖುಕಾಕಾ, ಹೋದ ವಾರ ಜಿಗಿಹುಳಕ್ಕೆ ಅಂತ ಮೂರು ಔಷಧಿ ಕಲಸಿ ಹೊಡೆದ್ರಲ್ಲ, ಈ ನುಸಿಯನ್ನ ತಿಂತಿದ್ದ ಒಳ್ಳೆ ಹುಳಗಳೂ ಅದ್ರಲ್ಲೇ ಹೋದ್ವು. ನುಸಿಗೆ ನೀವೇ ಜಾಗ ಮಾಡಿಕೊಟ್ರಿ!”

ಹಾಗಾದರೆ ನಾನು ಹುಳ ಕೊಂದವನೋ, ನುಸಿ ಸಾಕಿದವನೋ? ತಿಳಿಯದೆ, ಅವನು ಕೊಟ್ಟ ನುಸಿ ಔಷಧಿಯನ್ನು ಸಂಜೆಯೇ ಹೊಡೆದೆ. ಹೊಡೆದ ಮೇಲೆ ಡಬ್ಬಿಯ ಚೀಟಿ ಓದಿದೆ: ಐದು ದಿನ ಕಾಯಿ ಕೀಳಬಾರದು.

“ಬೆಂಡೆ ಐದು ದಿನ ಕೀಳದಿದ್ರೆ ಏನಾಗುತ್ತೆ?” ಎಂದು ಹೆಂಡತಿ ರಮೀಲಾಳನ್ನು ಸುಮ್ಮನೆ ಕೇಳುವವನಂತೆ ಕೇಳಿದೆ.

“ಎಮ್ಮೆ ಹೊಡೆಯೋಕೆ ಕೋಲಾಗುತ್ತೆ. ಅದಿರ್ಲಿ, ಭಾನುವಾರ ಬೀಗರು ಬರ್ತಾರೆ. ನಮ್ಮ ಹೊಲದ ಬೆಂಡೆಕಾಯಿ ತಿಂದು ನೋಡಿ ಅಂತ ಜಂಬ ಕೊಚ್ಚಿದ್ದು ನೀವೇ ತಾನೆ? ಅವತ್ತು ಬೆಳಿಗ್ಗೆ ಎದ್ದು ಕಿತ್ತು ಮಸಾಲೆ ತುಂಬ್ತೀನಿ.”

ಬಾಯಿ ಬಿಡಲು ಧೈರ್ಯ ಬರಲಿಲ್ಲ. ಈ ಐದು ದಿನ ಮಾರುಕಟ್ಟೆಗೆ ಒಂದು ಕಾಯಿಯನ್ನೂ ಕಳಿಸುವುದಿಲ್ಲ, ಬಲಿತದ್ದೆಲ್ಲ ಗುಂಡಿಗೆ. ಅದೊಂದು ಖಚಿತ. ಮುಂದಿನ ಸಲ ಯಾವುದನ್ನು ಕೊಲ್ಲಬೇಕು, ಯಾವುದನ್ನು ಬಿಡಬೇಕು...

ರಮೀಲಾ, ಈ ದಿನಚರಿ ಪುಸ್ತಕವನ್ನು ನೀನು ಕದ್ದು ಓದುತ್ತೀಯೆಂದು ನನಗೆ ಗೊತ್ತು. ಭಾನುವಾರ ಬದನೆಕಾಯಿಗೆ ಮಸಾಲೆ ತುಂಬು. ಬೀಗರು ಕಾರಣ ಕೇಳಿದರೆ ನನ್ನ ಕಡೆ ಕೈ ತೋರಿಸು.